ಮಣ್ಣು, ಬೆಳೆ ಮತ್ತು ಕೆರೆಗಳಲ್ಲಿ ಪೋಷಕಾಂಶ ಹಾಗೂ ಭಾರಲೋಹಗಳ ಸಂಚಾರ: ಮಣ್ಣು ಪರೀಕ್ಷೆಗೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ

1. ಪೀಠಿಕೆ

ಮಣ್ಣು ಪರೀಕ್ಷೆ ಮಾಡಿಸಲು, ಮಣ್ಣು ಆರೋಗ್ಯ ಚೀಟಿ ಪಡೆಯಲು ಹಾಗೂ ಕೆರೆಯ ಹೂಳನ್ನು ಜಮೀನಿಗೆ ಸಾಗಿಸಲು ಅನುಮತಿ ಕೋರಿ ರೈತರು ಅರ್ಜಿ ಸಲ್ಲಿಸುತ್ತಾರೆ. ಪಟ್ಟಣದ ಕೊಳಚೆ ನೀರು ಸೇರುವ ಕೆರೆಗಳ ಅಚ್ಚುಕಟ್ಟಿನಲ್ಲಿ ಜಮೀನು ಹೊಂದಿರುವವರಿಗೆ ಈ ಸಂದರ್ಭದಲ್ಲಿ ಒಂದು ಸಂದೇಹ ಉಂಟಾಗುವುದು ಸಹಜ. ಕೆರೆಯ ನೀರಿನಿಂದ ಬೆಳೆ ಹುಲುಸಾಗಿ ಬರುತ್ತಿದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಪೋಷಕಾಂಶಗಳು ಸಾಕಷ್ಟಿವೆ ಎಂದು ನಮೂದಾಗಿದೆ. ಹೀಗಿರುವಾಗ ಸದರಿ ನೀರಿನಿಂದ ತೊಂದರೆ ಇದೆ ಎಂಬ ಮಾತಿಗೆ ಆಧಾರವೇನು ಎಂಬುದೇ ಆ ಸಂದೇಹ.

ಕೊಳಚೆ ನೀರಿನಲ್ಲಿ ಬೆಳೆಗೆ ಬೇಕಾದ ಪೋಷಕಾಂಶಗಳೂ ಬೇಡವಾದ ಭಾರಲೋಹಗಳೂ ಒಟ್ಟಿಗೆ ಬರುತ್ತವೆ. ಆದರೆ ಮಣ್ಣನ್ನು ಸೇರಿದ ನಂತರ ಇವೆರಡರ ದಾರಿ ಬೇರೆ ಬೇರೆ. ಪೋಷಕಾಂಶಗಳು ಬಂದಂತೆ ಖರ್ಚಾಗುತ್ತವೆ. ಭಾರಲೋಹಗಳು ಬಹುಪಾಲು ಜಮೆಯಾಗುತ್ತಲೇ ಹೋಗುತ್ತವೆ. ಆದ್ದರಿಂದ ಒಂದರ ಪರೀಕ್ಷೆ ಇನ್ನೊಂದರ ಪರೀಕ್ಷೆಯಾಗುವುದಿಲ್ಲ. ಈ ವಿಷಯವನ್ನು ಬೆಂಗಳೂರಿನ ಪೂರ್ವ ಭಾಗದ ಬೆಳ್ಳಂದೂರು ಹಾಗೂ ವರ್ತೂರು ಕೆರೆಗಳ ನಿದರ್ಶನದೊಂದಿಗೆ ಈ ಪುಟದಲ್ಲಿ ವಿವರಿಸಲಾಗಿದೆ. ಅರ್ಜಿದಾರರು ಯಾವ ಸಂದರ್ಭದಲ್ಲಿ ಯಾವ ಪರೀಕ್ಷೆಯನ್ನು ಕೋರಬೇಕು ಎಂಬುದನ್ನೂ ಕೊನೆಯಲ್ಲಿ ತಿಳಿಸಲಾಗಿದೆ.

2. ಪೋಷಕಾಂಶಗಳು ಮತ್ತು ಭಾರಲೋಹಗಳು

ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಬೆಳೆಗೆ ಹೆಚ್ಚಿನ ಪ್ರಮಾಣದಲ್ಲಿ ಬೇಕಾದ ಪೋಷಕಾಂಶಗಳಾಗಿವೆ. ಸತು, ತಾಮ್ರ, ಕಬ್ಬಿಣ ಮತ್ತು ಮ್ಯಾಂಗನೀಸ್ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವುದರಿಂದ ಇವುಗಳನ್ನು ಲಘು ಪೋಷಕಾಂಶಗಳೆಂದು ಕರೆಯಲಾಗುತ್ತದೆ. ಸತು ಮತ್ತು ತಾಮ್ರಗಳು ಭಾರಲೋಹಗಳ ಪಟ್ಟಿಯಲ್ಲಿಯೂ ಸೇರಿವೆ. ಮಿತಿಯಲ್ಲಿದ್ದರೆ ಇವು ಆಹಾರ, ಮಿತಿ ಮೀರಿದರೆ ವಿಷ.

ಕ್ಯಾಡ್ಮಿಯಂ, ಸೀಸ, ಪಾದರಸ ಹಾಗೂ ಆರ್ಸೆನಿಕ್‌ಗಳಿಂದ ಬೆಳೆಗಾಗಲಿ ಮನುಷ್ಯನಿಗಾಗಲಿ ಯಾವ ಉಪಯೋಗವೂ ಇಲ್ಲ. ವಿದ್ಯುಲ್ಲೇಪನ ಘಟಕಗಳು, ಬ್ಯಾಟರಿ ದುರಸ್ತಿ ಅಂಗಡಿಗಳು, ಬಣ್ಣ ಹಾಕುವ ಘಟಕಗಳು, ಚರ್ಮ ಹದ ಮಾಡುವ ಘಟಕಗಳು ಹಾಗೂ ರಸ್ತೆಯ ಧೂಳಿನಿಂದ ಲೋಹಗಳು ರಾಜಕಾಲುವೆಗಳನ್ನು ಸೇರುತ್ತವೆ. ಶಿಲಾ ರಂಜಕದಿಂದ ತಯಾರಾಗುವ ರಸಗೊಬ್ಬರಗಳಲ್ಲಿಯೂ ಅಲ್ಪ ಪ್ರಮಾಣದ ಕ್ಯಾಡ್ಮಿಯಂ ಇರುತ್ತದೆ.

ಸಾರಜನಕವು ಗಾಳಿಗೆ ಸೇರಿ ಹೋಗಬಲ್ಲದು. ಸಾವಯವ ಕೊಳೆಯು ಕೊಳೆತು ಮುಗಿಯಬಲ್ಲದು. ಆದರೆ ಲೋಹವು ಮೂಲವಸ್ತುವಾದ್ದರಿಂದ ಅದು ಕೊಳೆಯುವುದಿಲ್ಲ, ಉರಿಸಿದರೂ ನಾಶವಾಗುವುದಿಲ್ಲ. ಅದು ಸ್ಥಳ ಬದಲಾಯಿಸಬಹುದು, ರೂಪ ಬದಲಾಯಿಸಬಹುದು, ಅಷ್ಟೆ. ದೇಶದಾದ್ಯಂತ 2000ನೇ ಇಸವಿಯಲ್ಲಿ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ದಶಕಗಳಲ್ಲಿ ವಾಹನಗಳ ಹೊಗೆಯಿಂದ ಹೆದ್ದಾರಿಗಳ ಅಂಚಿನ ಮಣ್ಣಿಗೆ ಬಿದ್ದ ಸೀಸವು ಆ ಆದೇಶದಿಂದ ಅಲ್ಲಿಂದ ಕದಲಲಿಲ್ಲ.

3. ಒಂದು ಎಕರೆಯ ಜಮಾ-ಖರ್ಚು

ವಿಷಯವನ್ನು ಸರಳಗೊಳಿಸುವ ಸಲುವಾಗಿ ಒಂದು ಎಕರೆ ಜಮೀನಿನ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಇದು ಯಾವುದೇ ನಿರ್ದಿಷ್ಟ ಜಮೀನಿನ ಅಳತೆಯಲ್ಲ. ಲೆಕ್ಕದ ಅನುಕೂಲಕ್ಕಾಗಿ ತೆಗೆದುಕೊಂಡ ಪ್ರಮಾಣಗಳಾಗಿವೆ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 9 ಲಕ್ಷ ಕೆ.ಜಿ. ಆ ಜಮೀನಿಗೆ ವರ್ಷಕ್ಕೆ 600 ಮಿ.ಮೀ. ಆಳದಷ್ಟು ನೀರು ಹಾಯಿಸಿದಲ್ಲಿ ಸುಮಾರು 24 ಲಕ್ಷ ಲೀಟರ್ ನೀರಾಗುತ್ತದೆ. ಸದರಿ ನೀರಿನ ಪ್ರತಿ ಲೀಟರಿನಲ್ಲಿ 20 ಮಿ.ಗ್ರಾಂ. ಸಾರಜನಕ ಮತ್ತು 0.01 ಮಿ.ಗ್ರಾಂ. ಕ್ಯಾಡ್ಮಿಯಂ ಇದೆ ಎಂದಿಟ್ಟುಕೊಳ್ಳಬಹುದು. ನೀರಾವರಿ ನೀರಿನಲ್ಲಿ ಕ್ಯಾಡ್ಮಿಯಂ ಇದಕ್ಕಿಂತ ಹೆಚ್ಚಿರಬಾರದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 1985ರ ಮಾರ್ಗಸೂಚಿ ಹೇಳುತ್ತದೆ.

(ಅ) ಸಾರಜನಕದ ಲೆಕ್ಕ: ಒಂದು ವರ್ಷದಲ್ಲಿ ಜಮೆ 48 ಕೆ.ಜಿ. ನೀರಾವರಿ ರಾಗಿಗೆ ಹೆಕ್ಟೇರಿಗೆ 100 ಕೆ.ಜಿ., ಅಂದರೆ ಎಕರೆಗೆ ಸುಮಾರು 40 ಕೆ.ಜಿ. ಸಾರಜನಕ ಶಿಫಾರಸು ಮಾಡಲಾಗಿದೆ. ಹೀಗಾಗಿ ನೀರಿನಿಂದಲೇ ಬೆಳೆಯ ಅಗತ್ಯಕ್ಕಿಂತ ಹೆಚ್ಚು ಸಾರಜನಕ ಬಂದಂತಾಯಿತು. ಇದರಲ್ಲಿ ಒಂದು ಪಾಲನ್ನು ಬೆಳೆ ತೆಗೆದುಕೊಳ್ಳುತ್ತದೆ, ಒಂದು ಪಾಲು ಗಾಳಿಗೆ ಹೋಗುತ್ತದೆ, ಒಂದು ಪಾಲು ನೀರಿನೊಡನೆ ಕೆಳಗಿಳಿದು ಬಾವಿ ಮತ್ತು ಕೊಳವೆ ಬಾವಿಗಳನ್ನು ಸೇರುತ್ತದೆ. ಮುಂದಿನ ವರ್ಷಕ್ಕೆ ಉಳಿಯುವ ಶಿಲ್ಕು ಅಲ್ಪ.

(ಆ) ಕ್ಯಾಡ್ಮಿಯಂ ಲೆಕ್ಕ: ಒಂದು ವರ್ಷದಲ್ಲಿ ಜಮೆ 24 ಗ್ರಾಂ. ಆ ಎಕರೆಯಲ್ಲಿ ವರ್ಷಕ್ಕೆ 10 ಟನ್ ಸೊಪ್ಪು ಬೆಳೆದು, ಸೊಪ್ಪಿನ ಪ್ರತಿ ಕೆ.ಜಿ.ಯಲ್ಲಿ 0.2 ಮಿ.ಗ್ರಾಂ. ಕ್ಯಾಡ್ಮಿಯಂ ಇದ್ದರೆ ಖರ್ಚು 2 ಗ್ರಾಂ ಮಾತ್ರ. ಸೊಪ್ಪು ತರಕಾರಿಗೆ ಕೋಡೆಕ್ಸ್ ಅಂತರರಾಷ್ಟ್ರೀಯ ಆಹಾರ ಮಾನದಂಡವು ನಿಗದಿಪಡಿಸಿರುವ ಗರಿಷ್ಠ ಮಿತಿಯೂ ಇದೇ 0.2 ಮಿ.ಗ್ರಾಂ. ಆಗಿದೆ. ಉಳಿದ 22 ಗ್ರಾಂನಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲಿಯೇ ನಿಲ್ಲುತ್ತದೆ. 20 ವರ್ಷಗಳಲ್ಲಿ ಶಿಲ್ಕು ಸುಮಾರು 440 ಗ್ರಾಂ, ಅಂದರೆ ಮಣ್ಣಿನ ಪ್ರತಿ ಕೆ.ಜಿ.ಗೆ ಸುಮಾರು ಅರ್ಧ ಮಿ.ಗ್ರಾಂ. ಆಗುತ್ತದೆ.

ಮೇಲ್ಕಂಡ ಲೆಕ್ಕದಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನೀರಿನಲ್ಲಿ ಲೋಹವು ಮಿತಿಯೊಳಗೆ ಇದ್ದರೂ ವರ್ಷಗಳು ಕಳೆದಂತೆ ಮಣ್ಣಿನಲ್ಲಿ ಅದು ಏರುತ್ತಲೇ ಹೋಗುತ್ತದೆ. ಎರಡನೆಯದಾಗಿ, ಲೋಹದ ಖಾತೆಯಲ್ಲಿ ಖರ್ಚೆಂದು ಬರೆದ 2 ಗ್ರಾಂ ಸಹ ಎಲ್ಲಿಯೂ ಇಲ್ಲವಾಗಿಲ್ಲ. ಅದು ಸೊಪ್ಪಿನೊಡನೆ ಮಾರುಕಟ್ಟೆಗೆ, ಅಲ್ಲಿಂದ ಊಟದ ತಟ್ಟೆಗೆ ಹೋಗಿದೆ.

4. ಮಣ್ಣಿನಲ್ಲಿ ಇವುಗಳ ನಡೆ

ಜೇಡಿಯ ಕಣಗಳ ಮೇಲೆ ಋಣ ವಿದ್ಯುದಂಶವಿರುತ್ತದೆ. ಧನ ವಿದ್ಯುದಂಶವುಳ್ಳ ಪೊಟ್ಯಾಷ್, ಅಮೋನಿಯಂ ಹಾಗೂ ಬಹುತೇಕ ಲೋಹಗಳನ್ನು ಜೇಡಿ ಹಿಡಿದಿಟ್ಟುಕೊಳ್ಳುತ್ತದೆ. ನೈಟ್ರೇಟ್ ರೂಪದ ಸಾರಜನಕಕ್ಕೆ ಋಣ ವಿದ್ಯುದಂಶವಿರುವುದರಿಂದ ಅದನ್ನು ಹಿಡಿಯುವವರಿಲ್ಲ. ಮಳೆ ಬಂದರೆ ಅಥವಾ ನೀರು ಹೆಚ್ಚಾಗಿ ಹಾಯಿಸಿದರೆ ಅದು ನೇರವಾಗಿ ಕೆಳಗಿಳಿಯುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐ.ಎಸ್. 10500:2012ರ ಪ್ರಕಾರ ಒಂದು ಲೀಟರ್ ನೀರಿನಲ್ಲಿ ನೈಟ್ರೇಟ್ 45 ಮಿ.ಗ್ರಾಂ. ಮೀರಬಾರದು. ಮೀರಿದಲ್ಲಿ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ. ನೀರನ್ನು ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗುತ್ತದೆ.

ರಂಜಕವು ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಜೊತೆಗೂ, ಸುಣ್ಣದಂಶವಿರುವ ಎರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಜೊತೆಗೂ ಬಿಗಿಯಾಗಿ ಸೇರಿಕೊಳ್ಳುತ್ತದೆ. ಅದು ಬಹುಮಟ್ಟಿಗೆ ಮಣ್ಣಿನ ಕಣದೊಡನೆಯೇ ಪ್ರಯಾಣ ಮಾಡುತ್ತದೆ. ಮಣ್ಣು ಕೊಚ್ಚಿ ಹೋದರೆ ರಂಜಕವೂ ಕೆರೆಯನ್ನು ಸೇರುತ್ತದೆ.

ಲೋಹಗಳ ಪೈಕಿ ಸೀಸವು ಅತ್ಯಂತ ಜಡವಾದದ್ದು. ಅದು ಬಿದ್ದ ಕಡೆ ಮೇಲ್ಮಣ್ಣಿನಲ್ಲಿಯೇ ದಶಕಗಳ ಕಾಲ ನಿಲ್ಲುತ್ತದೆ. ತಾಮ್ರವನ್ನು ಸಾವಯವ ಅಂಶವು ಬಿಗಿಯಾಗಿ ಹಿಡಿಯುತ್ತದೆ. ಕ್ಯಾಡ್ಮಿಯಂ ಮಾತ್ರ ಹೆಚ್ಚು ಚಲನಶೀಲವಾಗಿದ್ದು, ಮಣ್ಣು ಹುಳಿಯಾದಷ್ಟೂ ಅಂದರೆ ರಸಸಾರ ಕಡಿಮೆಯಾದಷ್ಟೂ ಅದು ಬೇರಿಗೆ ಸುಲಭವಾಗಿ ದೊರೆಯುತ್ತದೆ. ಈ ವ್ಯತ್ಯಾಸವನ್ನು ಮೇಲೆ ತಿಳಿಸಿದ 1985ರ ಮಾರ್ಗಸೂಚಿಯಲ್ಲಿ ಕಾಣಬಹುದು. ನೀರಾವರಿ ನೀರಿನ ಪ್ರತಿ ಲೀಟರಿನಲ್ಲಿ ಸೀಸಕ್ಕೆ 5 ಮಿ.ಗ್ರಾಂ.ವರೆಗೆ ಅವಕಾಶ ನೀಡಿರುವ ಅದು, ಕ್ಯಾಡ್ಮಿಯಂಗೆ ನೀಡಿರುವುದು 0.01 ಮಿ.ಗ್ರಾಂ. ಮಾತ್ರ. ಸೀಸಕ್ಕೆ ನೀಡಿರುವ ಈ ಮಿತಿಯು ಬೆಳೆಯ ದೃಷ್ಟಿಯಿಂದ ಮಾಡಿದ್ದೇ ಹೊರತು ಕುಡಿಯುವ ನೀರಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಕುಡಿಯುವ ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿ.ಗ್ರಾಂ., ಕ್ಯಾಡ್ಮಿಯಂ ಮಿತಿ 0.003 ಮಿ.ಗ್ರಾಂ. ಆಗಿರುತ್ತದೆ.

ಭತ್ತದ ಗದ್ದೆಯಲ್ಲಿ ನೀರು ನಿಂತಾಗ ಈ ನಡೆ ಬದಲಾಗುತ್ತದೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಮುಗಿದು, ಕಬ್ಬಿಣದ ರೂಪ ಬದಲಾಗಿ, ಅದು ಹಿಡಿದಿಟ್ಟಿದ್ದ ರಂಜಕ ಮತ್ತು ಆರ್ಸೆನಿಕ್ ಬಿಡುಗಡೆಯಾಗುತ್ತವೆ. ಅದೇ ಸಮಯದಲ್ಲಿ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದ ರೂಪಕ್ಕೆ ಹೋಗುತ್ತದೆ. ಕೊಯ್ಲಿಗೆ ಮುನ್ನ ಗದ್ದೆಯ ನೀರು ಬಸಿದಾಗ ಕ್ಯಾಡ್ಮಿಯಂ ಮತ್ತೆ ಬಿಡುಗಡೆಯಾಗಿ ಕಾಳಿಗೆ ಸೇರಲು ಅವಕಾಶವಾಗುತ್ತದೆ. ಒಂದೇ ಗದ್ದೆಯಲ್ಲಿ ಒಂದು ವಿಷ ಇಳಿಯುವ ಹೊತ್ತಿಗೆ ಇನ್ನೊಂದು ಏರಬಹುದಾದ್ದರಿಂದ ಯಾವ ಲೋಹವಿದೆ ಎಂಬುದನ್ನು ತಿಳಿಯದೆ ಉಪಾಯ ಮಾಡಲು ಬರುವುದಿಲ್ಲ.

5. ಗಿಡದೊಳಗೆ ಲೋಹದ ಪ್ರವೇಶ

ಬೇರುಗಳಲ್ಲಿ ಸತು, ಕಬ್ಬಿಣ ಮುಂತಾದವುಗಳನ್ನು ಒಳಕ್ಕೆ ತೆಗೆದುಕೊಳ್ಳುವ ಮಾರ್ಗಗಳಿವೆ. ಕ್ಯಾಡ್ಮಿಯಂ ರಾಸಾಯನಿಕವಾಗಿ ಸತುವನ್ನು ಹೋಲುವುದರಿಂದ ಅದೂ ಇದೇ ಮಾರ್ಗಗಳಲ್ಲಿ ಒಳಹೋಗಿ ಎಲೆಯವರೆಗೂ ತಲುಪುತ್ತದೆ. ಸಾಮಾನ್ಯವಾಗಿ ಪಾಲಕ್, ದಂಟು ಮುಂತಾದ ಸೊಪ್ಪುಗಳಲ್ಲಿ ಲೋಹ ಹೆಚ್ಚು ಸೇರುತ್ತದೆ. ಮೂಲಂಗಿ, ಕ್ಯಾರೆಟ್ ಮುಂತಾದ ಗೆಡ್ಡೆಗಳಲ್ಲಿ ಅದಕ್ಕಿಂತ ಕಡಿಮೆ. ಟೊಮ್ಯಾಟೊ, ಹುರುಳಿಕಾಯಿ ಮುಂತಾದ ಕಾಯಿಗಳಲ್ಲಿ ಇನ್ನೂ ಕಡಿಮೆ.

ಸೀಸವು ಬಹುಪಾಲು ಬೇರಿನಲ್ಲಿಯೇ ತಡೆಯಲ್ಪಡುತ್ತದೆ. ಎಲೆಯ ಮೇಲೆ ಕಂಡುಬರುವ ಸೀಸದಲ್ಲಿ ಹೆಚ್ಚಿನ ಪಾಲು ಧೂಳು ಮತ್ತು ಸಿಡಿದ ಮಣ್ಣಿನಿಂದ ಬಂದದ್ದಾಗಿರುತ್ತದೆ. ಆದ್ದರಿಂದ ಸೊಪ್ಪನ್ನು ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯುವುದರಿಂದ ಸೀಸ ಸಾಕಷ್ಟು ಕಡಿಮೆಯಾಗುತ್ತದೆ. ಎಲೆಯ ಒಳಗಿರುವ ಕ್ಯಾಡ್ಮಿಯಂ ತೊಳೆದರೆ ಹೋಗುವುದಿಲ್ಲ.

ಸತು, ತಾಮ್ರ ಅಥವಾ ನಿಕ್ಕಲ್ ಮಣ್ಣಿನಲ್ಲಿ ಅತಿಯಾದರೆ ಗಿಡವೇ ಮೊದಲು ಬಾಡುತ್ತದೆ, ಎಲೆ ಹಳದಿಯಾಗುತ್ತದೆ, ಇಳುವರಿ ಕುಸಿಯುತ್ತದೆ. ತಿನ್ನುವವರಿಗೆ ತೊಂದರೆಯಾಗುವ ಮೊದಲೇ ಬೆಳೆಗಾರನಿಗೆ ಸೂಚನೆ ಸಿಗುತ್ತದೆ. ಕ್ಯಾಡ್ಮಿಯಂ ವಿಷಯದಲ್ಲಿ ಈ ಎಚ್ಚರಿಕೆ ಇಲ್ಲ. ತಿನ್ನುವವರಿಗೆ ಹಾನಿಯಾಗುವಷ್ಟು ಪ್ರಮಾಣ ಎಲೆಯಲ್ಲಿ ಸೇರಿದ್ದರೂ ಗಿಡ ಹಸಿರಾಗಿ, ಆರೋಗ್ಯವಾಗಿಯೇ ಕಾಣಬಹುದು. ಬೆಳೆ ಹುಲುಸಾಗಿದೆ ಎಂಬುದು ಸಾರಜನಕ ಸಾಕಷ್ಟಿದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಕ್ಯಾಡ್ಮಿಯಂ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ದೇಹವನ್ನು ಸೇರಿದ ಕ್ಯಾಡ್ಮಿಯಂ ಮುಖ್ಯವಾಗಿ ಮೂತ್ರಪಿಂಡದಲ್ಲಿ ಸಂಗ್ರಹವಾಗುತ್ತದೆ. ಅದರ ಅರ್ಧ ಪಾಲು ಹೊರಹೋಗಲು 10ರಿಂದ 30 ವರ್ಷಗಳು ಬೇಕಾಗುತ್ತವೆ. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಜಿನ್ಜು ನದಿಗೆ ಗಣಿಯಿಂದ ಬಂದ ಕ್ಯಾಡ್ಮಿಯಂ ನೀರಾವರಿ ಮೂಲಕ ಗದ್ದೆಗಳನ್ನು ಸೇರಿ, ಅಕ್ಕಿಯ ಮೂಲಕ ಜನರ ಮೂಳೆ ಮತ್ತು ಮೂತ್ರಪಿಂಡಗಳನ್ನು ಕೆಡಿಸಿತು. ನೋವಿನಿಂದ ನರಳುವವರ ಕೂಗಿನಿಂದಲೇ ಆ ರೋಗಕ್ಕೆ 'ಇತಾಯಿ-ಇತಾಯಿ' ಎಂಬ ಹೆಸರು ಬಂದಿತು. ಅದು ಮಾಲಿನ್ಯದಿಂದ ಉಂಟಾದ ರೋಗವೆಂದು ಜಪಾನ್ ಸರ್ಕಾರವು 1968ರಲ್ಲಿ ಒಪ್ಪಿಕೊಂಡಿತು. ಅಲ್ಲಿನ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕಾಮಗಾರಿ 3 ದಶಕಗಳಿಗೂ ಹೆಚ್ಚು ಕಾಲ ನಡೆದು 2012ರಲ್ಲಿ ಮುಗಿಯಿತು. ಗಣಿಯ ಮಾಲಿನ್ಯಕ್ಕೂ ಪಟ್ಟಣದ ಕೊಳಚೆಗೂ ಪ್ರಮಾಣದಲ್ಲಿ ಅಂತರವಿದೆ. ಆದರೂ ಲೋಹವು ನದಿಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬರುವ ದಾರಿ ಒಂದೇ ಆಗಿದ್ದು, ಸೇರುವಷ್ಟು ಸುಲಭವಾಗಿ ಅದನ್ನು ಮಣ್ಣಿನಿಂದ ತೆಗೆಯಲಾಗುವುದಿಲ್ಲ ಎಂಬುದು ಇದರಿಂದ ತಿಳಿದುಬರುತ್ತದೆ.

6. ಕೆರೆ ಮತ್ತು ಜೌಗು ಪ್ರದೇಶಗಳ ಕಾರ್ಯ

ಕೆರೆಯ ಹಿನ್ನೀರಿನ ಅಂಚಿನಲ್ಲಿ ಜೊಂಡು ಬೆಳೆದ ಜೌಗು ಪ್ರದೇಶವನ್ನು ವ್ಯರ್ಥ ಭೂಮಿಯೆಂದು ಭಾವಿಸಬಾರದು. ಅಲ್ಲಿ ನೀರಿನ ವೇಗ ಕುಗ್ಗಿ ಮಣ್ಣಿನ ಕಣಗಳು ತಳಕ್ಕಿಳಿಯುತ್ತವೆ. ಕಣಗಳಿಗೆ ಅಂಟಿದ ರಂಜಕ ಮತ್ತು ಲೋಹಗಳೂ ಜೊತೆಯಲ್ಲಿ ಇಳಿಯುತ್ತವೆ. ಜೊಂಡಿನ ಬೇರಿನ ಸುತ್ತ ಆಮ್ಲಜನಕವಿರುವ ಪದರದಲ್ಲಿ ಅಮೋನಿಯಂ ನೈಟ್ರೇಟ್ ಆಗಿ ಬದಲಾಗುತ್ತದೆ. ಅದರ ಕೆಳಗಿನ ಆಮ್ಲಜನಕವಿಲ್ಲದ ಕೆಸರಿನಲ್ಲಿ ಸೂಕ್ಷ್ಮಾಣುಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾರ್ಪಡಿಸಿ ಗಾಳಿಗೆ ಬಿಡುತ್ತವೆ. ಬೆಂಗಳೂರು ಉತ್ತರ ಭಾಗದ ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದಿಂದ ಹೊರಬರುವ ನೀರು ಇಂತಹ ಜೌಗಿನ ಮೂಲಕ ಹಾದು ಕೆರೆಯನ್ನು ಸೇರುವಂತೆ ವ್ಯವಸ್ಥೆ ಮಾಡಲಾಗಿದೆ.

ಆದರೆ ಜೌಗು ಪ್ರದೇಶವು ನಿಜವಾಗಿ ಹೊರಗೆ ಕಳುಹಿಸುವುದು ಸಾರಜನಕವನ್ನು ಮಾತ್ರ. ರಂಜಕ ಮತ್ತು ಲೋಹಗಳನ್ನು ಅದು ಕೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ಜೊಂಡು ಮತ್ತು ಅಂತರಗಂಗೆಯನ್ನು ಕಾಲಕಾಲಕ್ಕೆ ಕೊಯ್ದು ಹೊರಗೆ ಸಾಗಿಸದಿದ್ದರೆ ಅವು ಸತ್ತು ಕೊಳೆತು ತಾವು ಹೀರಿದ್ದನ್ನು ಮರಳಿ ನೀರಿಗೆ ಬಿಡುತ್ತವೆ. ತಳದಲ್ಲಿ ಆಮ್ಲಜನಕ ಮುಗಿದಾಗ ಕೆಸರಿನಲ್ಲಿದ್ದ ರಂಜಕವೂ ಮೇಲೇಳುತ್ತದೆ. ಹೊಸ ಕೊಳಚೆಯನ್ನು ತಡೆದ ನಂತರವೂ ಕೆಲವು ಕೆರೆಗಳಲ್ಲಿ ಪಾಚಿ ಮತ್ತು ಕಳೆ ಬೆಳೆಯುತ್ತಲೇ ಇರುವುದಕ್ಕೆ ಇದು ಒಂದು ಕಾರಣ. ಇಂತಹ ಕೆಸರಿನಲ್ಲಿ ಪಾದರಸವಿದ್ದರೆ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದು ಮೀನಿನಿಂದ ಮೀನಿಗೆ ಸಾಂದ್ರವಾಗುತ್ತಾ ಸಾಗುತ್ತದೆ.

7. ಬೆಳ್ಳಂದೂರು ಮತ್ತು ವರ್ತೂರು ಕೆರೆಗಳ ನಿದರ್ಶನ

ಬೆಂಗಳೂರಿನ ಅತಿ ದೊಡ್ಡ ಕೆರೆಯಾದ ಬೆಳ್ಳಂದೂರು ಕೆರೆಯ ವಿಸ್ತೀರ್ಣ ಸುಮಾರು 900 ಎಕರೆ. ನಗರದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಈ ಕೆರೆಯನ್ನು ಸೇರಿ, ಕೋಡಿಯ ಮೂಲಕ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ ಹರಿದು ತಮಿಳುನಾಡನ್ನು ಪ್ರವೇಶಿಸುತ್ತದೆ. ಹಿಂದೆ ಮಳೆನೀರಿನಿಂದ ತುಂಬುತ್ತಿದ್ದ ಈ ಕೆರೆಗಳು ನಗರ ಬೆಳೆದಂತೆ ವರ್ಷವಿಡೀ ಕೊಳಚೆ ನೀರಿನಿಂದ ತುಂಬಲಾರಂಭಿಸಿದವು. ಅಚ್ಚುಕಟ್ಟಿನ ರೈತರು ಅದೇ ನೀರಿನಿಂದ ಭತ್ತ, ಸೊಪ್ಪು ಮತ್ತು ತರಕಾರಿ ಬೆಳೆದು ನಗರದ ಮಾರುಕಟ್ಟೆಗಳಿಗೆ ಕಳುಹಿಸುತ್ತಾ ಬಂದರು.

ಪೋಷಕಾಂಶಗಳ ಹಾವಳಿ ಎಲ್ಲರ ಕಣ್ಣಿಗೂ ಬಿದ್ದಿತು. ಕೆರೆ ಅಂತರಗಂಗೆಯಿಂದ ಮುಚ್ಚಿಹೋಯಿತು. ಮಾರ್ಜಕಗಳ ಅಂಶವಿದ್ದ ನೀರು ಕೋಡಿಯಲ್ಲಿ ಧುಮುಕುವಾಗ ಎದ್ದ ನೊರೆ ರಸ್ತೆಗೂ ಹಾರಿತು. 2015, 2017 ಹಾಗೂ 2018ರಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡ ಘಟನೆಗಳು ದೇಶದ ಗಮನ ಸೆಳೆದವು. ಪ್ರಕರಣವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದು, ತದನಂತರದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದಿಂದ ಎರಡೂ ಕೆರೆಗಳ ಹೂಳೆತ್ತುವ ಕಾಮಗಾರಿ ಕೈಗೊಳ್ಳಲಾಯಿತು.

ಲೋಹಗಳ ವಿಷಯ ಹೀಗೆ ಕಣ್ಣಿಗೆ ಬೀಳುವಂಥದ್ದಲ್ಲ. ಬೆಳ್ಳಂದೂರು ಕೆರೆಯ ನೀರು, ಅದರಿಂದ ನೀರಾವರಿಯಾಗುವ ಮಣ್ಣು ಮತ್ತು ಬೆಳೆಗಳಲ್ಲಿ 7 ಲೋಹಗಳನ್ನು ಅಳೆದ ಅಧ್ಯಯನವೊಂದು 2006ರಲ್ಲಿಯೇ 'ಕರೆಂಟ್ ಸೈನ್ಸ್' ನಿಯತಕಾಲಿಕದಲ್ಲಿ ಪ್ರಕಟವಾಗಿದ್ದಿತು. ಭತ್ತ ಮತ್ತು ತರಕಾರಿಗಳಲ್ಲಿ ಕೆಲವು ಲೋಹಗಳು ಭಾರತೀಯ ಮಾನದಂಡದ ಮಿತಿಯನ್ನು ಮೀರಿದ್ದವು ಎಂದೂ, ಸತು, ತಾಮ್ರ, ಸೀಸ ಮತ್ತು ಕ್ಯಾಡ್ಮಿಯಂಗಳು ಮಣ್ಣಿನಿಂದ ಬೆಳೆಗೆ ಗಮನಾರ್ಹವಾಗಿ ಸಾಗುತ್ತಿದ್ದವು ಎಂದೂ ಅದರಲ್ಲಿ ವರದಿಯಾಗಿದೆ. ನೊರೆ ಮತ್ತು ಬೆಂಕಿ ಸುದ್ದಿಯಾಗುವುದಕ್ಕೆ ಸುಮಾರು 9 ವರ್ಷ ಮೊದಲೇ ಈ ಮಾಹಿತಿ ಲಭ್ಯವಿತ್ತು.

ಇದೇ ಕಣಿವೆಯ ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರನ್ನು ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳಿಗೆ ಹರಿಸಿ ಅಂತರ್ಜಲ ಹೆಚ್ಚಿಸುವ, ದಿನಕ್ಕೆ 440 ದಶಲಕ್ಷ ಲೀಟರ್ ಸಾಮರ್ಥ್ಯದ ಯೋಜನೆಯಡಿ 2018ರ ಜೂನ್‌ನಲ್ಲಿ ನೀರು ಕೋಲಾರ ಜಿಲ್ಲೆಯನ್ನು ತಲುಪಿತು. ಎರಡನೇ ಹಂತದ ಸಂಸ್ಕರಣೆಯು ಮುಖ್ಯವಾಗಿ ಸಾವಯವ ಕೊಳೆಯನ್ನು ತೆಗೆಯಲು ರೂಪಿಸಿದ್ದಾಗಿದ್ದು, ಸಾರಜನಕ ಮತ್ತು ರಂಜಕವನ್ನು ಪೂರ್ಣವಾಗಿ ತೆಗೆಯುವುದಿಲ್ಲ. ಲೋಹಗಳ ಬಹುಪಾಲು ಘಟಕದ ಕೆಸರಿನಲ್ಲಿ ಉಳಿಯುತ್ತದೆ. ಆದ್ದರಿಂದ ಇಂತಹ ಕೆರೆಗಳ ಸುತ್ತಲಿನ ಕೊಳವೆ ಬಾವಿಗಳಲ್ಲಿ ಮೊದಲು ನೈಟ್ರೇಟ್ ಪರೀಕ್ಷೆ ಮಾಡಿಸುವುದು, ಕೆರೆಯ ತಳದ ಹೂಳನ್ನು ಬಳಸುವಾಗ ಲೋಹ ಪರೀಕ್ಷೆ ಮಾಡಿಸುವುದು ಸೂಕ್ತ.

8. ಹೂಳು, ಅಂತರಗಂಗೆ ಮತ್ತು ಕಾಂಪೋಸ್ಟ್ ಬಳಕೆ

ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಯುವುದು ನಮ್ಮ ನಾಡಿನ ಹಳೆಯ ಪದ್ಧತಿ. ಮಳೆನೀರಿನ ಕೆರೆಗಳ ಹೂಳು ಜೇಡಿ ಮತ್ತು ಸಾವಯವ ಅಂಶದಿಂದ ಕೂಡಿದ್ದು, ಮರಳು ಮಿಶ್ರಿತ ಕೆಂಪು ಜಮೀನಿಗೆ ಉತ್ತಮವಾದದ್ದು. ಆ ಪದ್ಧತಿಯನ್ನು ಕೈಬಿಡುವ ಅಗತ್ಯವಿಲ್ಲ. ಆದರೆ ಕೈಗಾರಿಕೆ ಅಥವಾ ಪಟ್ಟಣದ ಚರಂಡಿ ಸೇರುವ ಕೆರೆಯ ಹೂಳು ಬೇರೆ ವಸ್ತುವೇ ಆಗಿರುತ್ತದೆ. ವರ್ಷಾನುಗಟ್ಟಲೆ ನೀರಿನಿಂದ ಇಳಿದ ಲೋಹ ಅದರಲ್ಲಿ ಒಟ್ಟುಗೂಡಿರುತ್ತದೆ. ಮೇಲಿನ ನೀರು ತಿಳಿಯಾಗಿದ್ದರೂ ತಳದ ಹೂಳು ಶುದ್ಧವೆಂದು ಭಾವಿಸುವಂತಿಲ್ಲ.

ಅಂತರಗಂಗೆಯು ನೀರಿನಿಂದ ಪೋಷಕಾಂಶಗಳ ಜೊತೆಗೆ ಲೋಹಗಳನ್ನೂ ಹೀರಿ ಹೆಚ್ಚಾಗಿ ಬೇರಿನಲ್ಲಿ ಇಟ್ಟುಕೊಳ್ಳುತ್ತದೆ. ಅಂತಹ ಕೆರೆಯಿಂದ ತೆಗೆದ ಕಳೆಯನ್ನು ಗೊಬ್ಬರ ಮಾಡಿದರೆ ಕಳೆ ಕೊಳೆತು ತೂಕ ಕುಗ್ಗುತ್ತದೆ, ಲೋಹ ಮಾತ್ರ ಕುಗ್ಗುವುದಿಲ್ಲ. ಹಾಗಾಗಿ ಗೊಬ್ಬರದಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.

ರಸಗೊಬ್ಬರ ನಿಯಂತ್ರಣ ಆದೇಶ, 1985ರ ಅಡಿಯಲ್ಲಿ ನಗರ ಕಾಂಪೋಸ್ಟ್‌ಗೆ ಪ್ರತಿ ಕೆ.ಜಿ.ಗೆ ನಿಗದಿಪಡಿಸಿರುವ ಗರಿಷ್ಠ ಮಿತಿಗಳು ಈ ಕೆಳಕಂಡಂತಿವೆ:

ಪಾದರಸ – 0.15 ಮಿ.ಗ್ರಾಂ.
ಕ್ಯಾಡ್ಮಿಯಂ – 5 ಮಿ.ಗ್ರಾಂ.
ಆರ್ಸೆನಿಕ್ – 10 ಮಿ.ಗ್ರಾಂ.
ಕ್ರೋಮಿಯಂ – 50 ಮಿ.ಗ್ರಾಂ.
ನಿಕ್ಕಲ್ – 50 ಮಿ.ಗ್ರಾಂ.
ಸೀಸ – 100 ಮಿ.ಗ್ರಾಂ.
ತಾಮ್ರ – 300 ಮಿ.ಗ್ರಾಂ.
ಸತು – 1000 ಮಿ.ಗ್ರಾಂ.

ಖರೀದಿಸುವ ಕಾಂಪೋಸ್ಟ್‌ನ ಪರೀಕ್ಷಾ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆದು ಮೇಲ್ಕಂಡ ಮಿತಿಗಳೊಡನೆ ಹೋಲಿಸಿ ನೋಡಬಹುದು.

9. ಮಣ್ಣು ಆರೋಗ್ಯ ಚೀಟಿಯಲ್ಲಿ ಇರುವ ಮತ್ತು ಇಲ್ಲದ ಅಂಶಗಳು

2015ರ ಫೆಬ್ರವರಿ 19ರಂದು ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯಡಿ 12 ಅಂಶಗಳನ್ನು ಪರೀಕ್ಷಿಸಲಾಗುತ್ತದೆ: ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್. ಯಾವ ಗೊಬ್ಬರ ಎಷ್ಟು ಹಾಕಬೇಕು ಎಂಬುದನ್ನು ತಿಳಿಸುವುದು ಈ ಚೀಟಿಯ ಉದ್ದೇಶ. ಕ್ಯಾಡ್ಮಿಯಂ, ಸೀಸ, ಕ್ರೋಮಿಯಂ, ನಿಕ್ಕಲ್, ಪಾದರಸ ಮತ್ತು ಆರ್ಸೆನಿಕ್ ಈ ಪಟ್ಟಿಯಲ್ಲಿ ಇಲ್ಲ. ಚೀಟಿಯಲ್ಲಿ ಸತು ಮತ್ತು ತಾಮ್ರ ನೆರೆಹೊರೆಯ ಜಮೀನುಗಳಿಗಿಂತ ಅತಿ ಹೆಚ್ಚಾಗಿ ಕಂಡುಬಂದಲ್ಲಿ, ಇತರ ಲೋಹಗಳೂ ಬಂದಿರುವ ಸಾಧ್ಯತೆಯ ಸೂಚನೆಯೆಂದು ಪರಿಗಣಿಸಿ ಪ್ರತ್ಯೇಕ ಪರೀಕ್ಷೆ ಮಾಡಿಸುವುದು ಒಳಿತು.

ಈ ಕೆಳಕಂಡ ಸಂದರ್ಭಗಳಲ್ಲಿ ಭಾರಲೋಹ ಪರೀಕ್ಷೆ ಅವಶ್ಯವೆಂದು ತಿಳಿಯತಕ್ಕದ್ದು:

(1) ಜಮೀನಿಗೆ ಹಲವು ವರ್ಷಗಳಿಂದ ಕೊಳಚೆ ಮಿಶ್ರಿತ ನೀರು ಹಾಯಿಸಿದ್ದಲ್ಲಿ.
(2) ಪಟ್ಟಣದ ಅಥವಾ ಕೈಗಾರಿಕಾ ಪ್ರದೇಶದ ಚರಂಡಿ ಸೇರುವ ಕೆರೆಯ ಹೂಳು ಹಾಕಿದ್ದಲ್ಲಿ ಅಥವಾ ಹಾಕಲು ಉದ್ದೇಶಿಸಿದ್ದಲ್ಲಿ.
(3) ಜಮೀನು ಬ್ಯಾಟರಿ, ವಿದ್ಯುಲ್ಲೇಪನ ಅಥವಾ ಗುಜರಿ ಘಟಕಗಳ ಪಕ್ಕದಲ್ಲಿದ್ದಲ್ಲಿ.
(4) ಅಂತಹ ಜಮೀನಿನಲ್ಲಿ ಸೊಪ್ಪು ತರಕಾರಿ ಬೆಳೆಯುತ್ತಿದ್ದಲ್ಲಿ.

10. ಮಾದರಿ ತೆಗೆಯುವ ಮತ್ತು ಸಲ್ಲಿಸುವ ವಿಧಾನ

ಸಾಮಾನ್ಯ ಮಣ್ಣು ಪರೀಕ್ಷೆಗೆ ಜಮೀನಿನಲ್ಲಿ ಅಂಕುಡೊಂಕಾಗಿ ನಡೆದು 8ರಿಂದ 10 ಕಡೆ, 15 ಸೆಂ.ಮೀ. ಆಳದವರೆಗೆ, ಇಂಗ್ಲಿಷ್ 'ವಿ' ಅಕ್ಷರದ ಆಕಾರದ ಗುಂಡಿ ತೆಗೆದು ಅದರ ಬದಿಯ ಮಣ್ಣನ್ನು ಸಂಗ್ರಹಿಸಬೇಕು. ಬದು, ಗೊಬ್ಬರದ ಗುಂಡಿ ಮತ್ತು ಮರದ ನೆರಳಿನ ಜಾಗಗಳನ್ನು ಬಿಡಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಡುತ್ತಾ ಕೊನೆಗೆ ಅರ್ಧ ಕೆ.ಜಿ. ಉಳಿಸಿ ನೆರಳಿನಲ್ಲಿ ಒಣಗಿಸಬೇಕು. ರೈತರ ಹೆಸರು, ಗ್ರಾಮ, ಸರ್ವೆ ನಂಬರು, ನೀರಾವರಿ ಮೂಲ, ಹಿಂದಿನ ಬೆಳೆ ಹಾಗೂ ಮುಂದಿನ ಬೆಳೆಯ ವಿವರಗಳಿರುವ ಚೀಟಿಯೊಂದಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಸಲ್ಲಿಸಬಹುದು.

ಭಾರಲೋಹ ಪರೀಕ್ಷೆಗೆ ಮಾದರಿ ತೆಗೆಯುವಾಗ ತುಕ್ಕು ಹಿಡಿದ ಸಲಿಕೆ, ಸತು ಲೇಪಿತ ಬಕೆಟ್ ಅಥವಾ ಹಿತ್ತಾಳೆ ಪಾತ್ರೆಗಳನ್ನು ಬಳಸಬಾರದು. ಉಪಕರಣದ ಲೋಹವೇ ಮಾದರಿಗೆ ಸೇರುವ ಸಂಭವವಿರುತ್ತದೆ. ಮರದ ಅಥವಾ ಪ್ಲಾಸ್ಟಿಕ್ ಉಪಕರಣ ಮತ್ತು ಹೊಸ ಪ್ಲಾಸ್ಟಿಕ್ ಚೀಲ ಬಳಸುವುದು. ತೂಬಿನಿಂದ ನೀರು ಜಮೀನನ್ನು ಪ್ರವೇಶಿಸುವ ಕಡೆಯಿಂದ ಒಂದು, ದೂರದ ಅಂಚಿನಿಂದ ಒಂದು ಹೀಗೆ ಎರಡು ಪ್ರತ್ಯೇಕ ಮಾದರಿಗಳನ್ನು ತೆಗೆದರೆ ಲೋಹ ನೀರಿನಿಂದಲೇ ಬಂದಿದೆಯೇ ಎಂಬುದು ತಿಳಿಯುತ್ತದೆ. ಈ ಪರೀಕ್ಷೆಯನ್ನು ಎನ್.ಎ.ಬಿ.ಎಲ್. ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಮಾಡಿಸಬಹುದು. ಯಾವ ಯಾವ ಲೋಹಗಳ ಪರೀಕ್ಷೆ ಬೇಕು ಎಂಬುದನ್ನು ಅರ್ಜಿಯಲ್ಲಿ ಹೆಸರಿಸಿ ಬರೆಯತಕ್ಕದ್ದು. 'ಮಣ್ಣು ಪರೀಕ್ಷೆ' ಎಂದಷ್ಟೇ ಬರೆದಲ್ಲಿ ಪೋಷಕಾಂಶಗಳ ಪರೀಕ್ಷೆ ಮಾತ್ರ ನಡೆಯುವ ಸಂಭವವಿರುತ್ತದೆ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಜಮೀನಿನಲ್ಲಿ ಲೋಹ ಹೆಚ್ಚಾಗಿದೆ ಎಂದು ವರದಿ ಬಂದಲ್ಲಿ ಬೇಸಾಯ ನಿಲ್ಲಿಸಬೇಕೇ?
ಉತ್ತರ: ಎಲ್ಲ ಸಂದರ್ಭಗಳಲ್ಲಿ ನಿಲ್ಲಿಸಬೇಕಾಗಿಲ್ಲ. ಮೊದಲು ಸೊಪ್ಪು ತರಕಾರಿಯನ್ನು ಬಿಟ್ಟು ಹೂವು, ರೇಷ್ಮೆ ಹೊರತಾದ ಇತರ ಆಹಾರೇತರ ಬೆಳೆ ಅಥವಾ ಮರಗಳನ್ನು ಬೆಳೆಯುವ ಬಗ್ಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯುವುದು. ಹುಳಿ ಮಣ್ಣಿಗೆ ಶಿಫಾರಸಿನಂತೆ ಸುಣ್ಣ ಹಾಕುವುದರಿಂದ ಹಾಗೂ ಶುದ್ಧವಾದ ಕೊಟ್ಟಿಗೆ ಗೊಬ್ಬರ ಬಳಸುವುದರಿಂದ ಕ್ಯಾಡ್ಮಿಯಂ ಬೇರಿಗೆ ದೊರೆಯುವುದು ಕಡಿಮೆಯಾಗುತ್ತದೆ. ಇದರಿಂದ ಲೋಹದ ಸಂಚಾರ ತಡೆಯಲ್ಪಡುತ್ತದೆಯೇ ಹೊರತು ಲೋಹ ಜಮೀನಿನಿಂದ ಹೋಗುವುದಿಲ್ಲ.

ಪ್ರಶ್ನೆ: ಕೊಳಚೆ ಮಿಶ್ರಿತ ನೀರು ಹಾಯಿಸುವ ಜಮೀನಿಗೆ ಯೂರಿಯಾ ಹಾಕಬೇಕೇ?
ಉತ್ತರ: ಮಣ್ಣು ಮತ್ತು ನೀರಿನ ಪರೀಕ್ಷೆ ಮಾಡಿಸಿ ತೀರ್ಮಾನಿಸುವುದು. ನೀರಿನಲ್ಲಿರುವ ಸಾರಜನಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಾಕಿದ ಯೂರಿಯಾ ಹಣದ ನಷ್ಟವಲ್ಲದೆ ಬಾವಿಯ ನೀರಿಗೆ ನೈಟ್ರೇಟ್ ಸೇರಿಸುತ್ತದೆ.

ಪ್ರಶ್ನೆ: ಕೆರೆಯ ಹೂಳು ಸಾಗಿಸಲು ಯಾರಲ್ಲಿ ಅರ್ಜಿ ಸಲ್ಲಿಸಬೇಕು?
ಉತ್ತರ: 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯ ವ್ಯಾಪ್ತಿಗೂ, ಅದಕ್ಕಿಂತ ಕಡಿಮೆ ಇರುವವು ಪಂಚಾಯತ್ ರಾಜ್ ಸಂಸ್ಥೆಗಳ ವ್ಯಾಪ್ತಿಗೂ ಬರುತ್ತವೆ. ನಗರದ ಕೆರೆಗಳಿಗೆ ಸಂಬಂಧಿಸಿದಂತೆ ಆಯಾ ಸ್ಥಳೀಯ ಸಂಸ್ಥೆ ಅಥವಾ ಪ್ರಾಧಿಕಾರವನ್ನು ಸಂಪರ್ಕಿಸುವುದು. ಅರ್ಜಿಯೊಂದಿಗೆ ಹೂಳಿನ ಪರೀಕ್ಷಾ ವರದಿ ಇದೆಯೇ ಎಂದು ವಿಚಾರಿಸಿ ಅದರ ಪ್ರತಿಯನ್ನು ಕೋರಬಹುದು.

ಪ್ರಶ್ನೆ: ಕೈಗಾರಿಕೆಯ ನೀರನ್ನು ಕೆರೆ ಅಥವಾ ರಾಜಕಾಲುವೆಗೆ ಬಿಡುತ್ತಿರುವುದು ಕಂಡುಬಂದಲ್ಲಿ ಏನು ಮಾಡಬೇಕು?
ಉತ್ತರ: ದಿನಾಂಕ, ವೇಳೆ, ಸ್ಥಳ ಮತ್ತು ಸಾಧ್ಯವಾದಲ್ಲಿ ಛಾಯಾಚಿತ್ರದೊಂದಿಗೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು. ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಕಾಯ್ದೆ, 1974ರ ಅಡಿಯಲ್ಲಿ ಕ್ರಮ ಕೈಗೊಳ್ಳುವ ಅಧಿಕಾರ ಮಂಡಳಿಗೆ ಇರುತ್ತದೆ.

ಪ್ರಶ್ನೆ: ಒಮ್ಮೆ ಪರೀಕ್ಷೆ ಮಾಡಿಸಿದರೆ ಸಾಕೇ?
ಉತ್ತರ: ಪೋಷಕಾಂಶಗಳು ಪ್ರತಿ ಬೆಳೆಯೊಂದಿಗೆ ಬದಲಾಗುವುದರಿಂದ ಮಣ್ಣು ಪರೀಕ್ಷೆಯನ್ನು 2ರಿಂದ 3 ವರ್ಷಗಳಿಗೊಮ್ಮೆ ಮಾಡಿಸುವುದು. ಲೋಹಗಳ ಪ್ರಮಾಣ ನಿಧಾನವಾಗಿ ಏರುತ್ತದೆ. ಆದ್ದರಿಂದ ಮೊದಲ ವರದಿಯನ್ನು ಪಹಣಿ ಪತ್ರಿಕೆಯೊಡನೆ ಜೋಪಾನವಾಗಿ ಇಟ್ಟುಕೊಂಡು ಕೆಲವು ವರ್ಷಗಳ ನಂತರ ಅದೇ ಸ್ಥಳದ ಮಾದರಿಯೊಂದಿಗೆ ಹೋಲಿಸಿ ನೋಡುವುದು.

12. ಸಾರ್ವಜನಿಕರ ಗಮನಕ್ಕೆ

ಕೆರೆಯ ನೀರು ತಿಳಿಯಾಗಿರುವುದು, ಬೆಳೆ ಹಸಿರಾಗಿರುವುದು ಹಾಗೂ ಮಣ್ಣು ಆರೋಗ್ಯ ಚೀಟಿಯಲ್ಲಿ ಪೋಷಕಾಂಶ ಸಾಕಷ್ಟಿರುವುದು, ಈ ಮೂರೂ ಭಾರಲೋಹ ಇಲ್ಲವೆಂಬುದಕ್ಕೆ ದಾಖಲೆಯಾಗುವುದಿಲ್ಲ. ಮಣ್ಣನ್ನು ಸೇರಿದ ಲೋಹವನ್ನು ತೆಗೆಯುವುದು ಕಷ್ಟಸಾಧ್ಯವಾಗಿದ್ದು, ಸೇರದಂತೆ ತಡೆಯುವುದು ಸುಲಭವೂ ಕಡಿಮೆ ವೆಚ್ಚದ್ದೂ ಆಗಿರುತ್ತದೆ. ಆದ ಕಾರಣ ಹೂಳು, ಕಾಂಪೋಸ್ಟ್ ಅಥವಾ ಕೊಳಚೆ ಮಿಶ್ರಿತ ನೀರನ್ನು ಜಮೀನಿಗೆ ಬಳಸುವ ಮುನ್ನವೇ ಪರೀಕ್ಷೆ ಮಾಡಿಸಿಕೊಳ್ಳಲು ರೈತ ಬಾಂಧವರನ್ನು ಕೋರಲಾಗಿದೆ.